ಮಾವನವರ ಎದುರು ಕುರ್ಚಿ

ಗೆಳತಿಯರೇ, ಇವತ್ತು ಮತ್ತೆ ಸೀಮೆಸುಣ್ಣ ಹಿಡಿದೆ. ಮಕ್ಕಳನ್ನು ಹೆತ್ತು ಬೆಳೆಸುವುದರಲ್ಲಿ ಬಿಟ್ಟುಹೋಗಿದ್ದ ಕೆಲಸ ಈಗ ಗಂಡನ ಊರು ಯರಗುಪ್ಪಿಯ ಶಾಲೆಯಲ್ಲೇ ಸಿಕ್ಕಿದೆ. ಮಗ್ಗಿ ಹೇಳಿಸುತ್ತಿದ್ದೆ, ಖುಷಿಗೆ ನನ್ನ ದನಿ ಓಣಿಗೆಲ್ಲ ಕೇಳುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಮಾವನವರು, ಕೈಯಲ್ಲಿ ನಾನು ಮನೆಯಲ್ಲೇ ಮರೆತು ಬಂದ ಬುತ್ತಿ.

ಧಡಕ್ಕನೆ ಕುರ್ಚಿಯಿಂದ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಒತ್ತಿ ನಿಂತೆ. ಮನೆಯಲ್ಲಿ ಇಷ್ಟು ವರ್ಷ ಅವರೆದುರು ಹಾಗೇ ನಿಂತವಳು ನಾನು. ಪಾಠ ಹೇಳುವ ಅಕ್ಕೋರೇ ಹೀಗೆ ನಿಂತ ಮೇಲೆ ಬಂದವರು ತಪಾಸಣೆಯ ಸಾಹೇಬರೇ ಇರಬೇಕೆಂದು ಮಕ್ಕಳೆಲ್ಲ ಎದ್ದು, "ನಮಸ್ತೇ ಸಾಹೇಬ್ರ" ಎಂದು ಕೂಗಿದರು.

ಎಂದೂ ಶಾಲೆಯ ಮೆಟ್ಟಿಲು ಹತ್ತದ ಮಾವನವರು ಗಾಬರಿಯಾಗಿ ರುಮಾಲು ಸರಿಮಾಡಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ಇಲ್ಲಿ ನೀವು ಅಕ್ಕೋರು, ಕುರ್ಚಿ ಮ್ಯಾಲೆ ಕುಂಡ್ರಿ. ನೀವು ನಿಂತ್ರ ಈ ಹುಡುಗ್ರು ಯಾವಾಗ ಕುಂಡ್ರಬೇಕ್ರಿ?" ಎಂದರು.

ಮಾವ ನನ್ನನ್ನು 'ನೀವು' ಎಂದದ್ದು ಇದೇ ಮೊದಲು. ಕೂತೆ. ಮಗ್ಗಿ ಮೊದಲಿಗಿಂತ ಜೋರಾಗಿ ನಡೆಯಿತು.

ಸಂಜೆ ಅದೇ ಹುರುಪಿನಲ್ಲಿ ಮನೆಯಲ್ಲೂ ಮಾವನವರ ಎದುರಿನ ಕುರ್ಚಿಯಲ್ಲಿ ಕೂತೆ. ಅತ್ತೆ ಒಲೆಯ ಮುಂದಿನಿಂದಲೇ ಹೇಳಿದರು: "ಏಳವಾ, ಸಾಲಿ ಬಿಟ್ಟು ಭಾಳ ಹೊತ್ತಾತು."