ಕನ್ನಡಕದವರಿಗೆ ಹೊಲಿದ ಚೀಲ

ಮೆಟ್ಟಿಲ ಕೆಳಗಿನ ಅಂಗಡಿಯ ಟೈಲರಕ್ಕನಿಗೆ ಬಿಸಾಡುವುದೆಂದರೆ ಆಗದು. ಹರಿದ ಅಂಗಿಯ ಗುಂಡಿಗಳನ್ನೂ ಬಿಚ್ಚಿಡುವವಳು. ಮೊಂಡಾದ ಸೂಜಿಗಳಿಗೆ ಮಾತ್ರ ಬೇರೆ ಡಬ್ಬಿ, ಅದಕ್ಕೆ ಬಿಗಿ ಮುಚ್ಚಳ. "ಸೂಜಿಗೆ ಕಣ್ಣಿದ್ರೂ ಯಾರಿಗೆ ಚುಚ್ತಿದೀನಿ ಅಂತ ಕಾಣಲ್ಲ" ಎನ್ನುತ್ತಿದ್ದಳು.

ಸಕ್ಕರೆ ಕಾಯಿಲೆ ಬಂದು ತೋಳಿಗೆ ಸೆನ್ಸರ್ ಅಂಟಿಸಿಕೊಳ್ಳತೊಡಗಿದಾಗಲೂ ಅವಳಿಗೆ ಹತ್ತಿದ ಚಿಂತೆ ಅದೇ. ಸೆನ್ಸರ್ ಅಂದರೆ ರಕ್ತದ ಸಕ್ಕರೆ ಅಳೆಯುವ ಒಂದು ದುಂಡನೆಯ ಬಿಲ್ಲೆ. ಮುದ್ರೆ ಒತ್ತಿದ ಹಾಗೆ ಅದನ್ನು ತೋಳಿಗೆ ಒತ್ತಲು ಒಂದು ಪ್ಲಾಸ್ಟಿಕ್ ಒತ್ತುಗ ಬರುತ್ತದೆ. ಒತ್ತಿದ ಮೇಲೆ ಸೂಜಿ ಒತ್ತುಗದಲ್ಲೇ ಉಳಿಯುತ್ತದೆ. ಅವಧಿ ಮುಗಿದ ಬಿಲ್ಲೆಯೊಳಗೆ ಪುಟ್ಟ ಬ್ಯಾಟರಿ ಇರುತ್ತದೆ, ಕಸದ ಲಾರಿಯಲ್ಲಿ ಜಜ್ಜಿದರೆ ಹೊತ್ತಿಕೊಳ್ಳಲೂಬಹುದು. ಎರಡನ್ನೂ ಮನೆಯ ಕಸಕ್ಕೆ ಹಾಕಬಾರದು, ಊರಾಚೆಯ ದೊಡ್ಡಾಸ್ಪತ್ರೆಯ ಸಂಗ್ರಹ ಕೇಂದ್ರಕ್ಕೆ ಕೊಡಬೇಕು ಎಂದಿದ್ದಳು ಕ್ಲಿನಿಕ್ಕಿನ ನರ್ಸ್.

ಅಕ್ಕ ಎರಡು ದಪ್ಪ ಕ್ಯಾನುಗಳನ್ನು ಇಟ್ಟಳು, ಸೂಜಿಗೊಂದು, ಬಿಲ್ಲೆಗೊಂದು. ಸೆನ್ಸರ್ ಹಾಕಿಕೊಳ್ಳುವ ಬೀದಿಯವರಿಗೆಲ್ಲ, ನಿಮ್ಮವನ್ನೂ ತಂದುಕೊಡಿ ಎಂದು ಬೆನ್ನು ಹತ್ತಿದಳು. ಮೇಲಿನ ಮನೆಯ ಮೇಷ್ಟ್ರು ತಂದುಕೊಟ್ಟರು. ಬೇಕರಿಯವನೂ ಕದ್ದುಮುಚ್ಚಿ ತಂದುಕೊಟ್ಟ. "ಯಾರಿಗೂ ಹೇಳ್ಬೇಡಿ ಅಕ್ಕಾ, ಸಿಹಿ ಮಾರೋನಿಗೇ ಸಕ್ಕರೆ ಅಂದ್ರೆ ವ್ಯಾಪಾರ ಕೆಡುತ್ತೆ" ಎಂದು ಬೇಡಿಕೊಂಡ. ಕ್ಯಾನು ತುಂಬಿದಾಗ ಮುಚ್ಚಳ ಜಾರದಂತೆ ಅವಳು ಹಳೆ ಜೀನ್ಸಿನ ಬಟ್ಟೆಯ ಗವಸು ತೊಡಿಸಿ, ಬಾಯಿಗೆ ಕಿತ್ತಳೆ ದಾರದಲ್ಲಿ ಅಡ್ಡಡ್ಡ ಹೊಲಿಗೆ ಹಾಕುತ್ತಿದ್ದಳು. ಒಯ್ಯುವುದು ತಮ್ಮನ ಕೆಲಸ. ಅವನ ಸಾಮಾನಿನ ವ್ಯಾನು ಆ ದಾರಿಯಲ್ಲೇ ಓಡಾಡುತ್ತಿತ್ತು.

ಹಿಂದಿರುಗಿದಾಗಲೆಲ್ಲ ತಮ್ಮ ಸುದ್ದಿ ತರುತ್ತಿದ್ದ. "ಅಲ್ಲೊಬ್ರು ಕನ್ನಡಕದವರು ಇದಾರೆ ಅಕ್ಕ. ನಿಮ್ಮಕ್ಕ ಕಟ್ಟಿಕೊಡೋ ಹಾಗೆ ಯಾರೂ ಕಟ್ಟಿಕೊಡಲ್ಲ ಅಂದ್ರು." ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಒಮ್ಮೆ ಉಳಿದ ಮಖಮಲ್ಲಿನಲ್ಲಿ ಕನ್ನಡಕದ ಚೀಲವೊಂದನ್ನು ಹೊಲಿದು ಅವರಿಗೆಂದು ಕಳಿಸಿದಳು. "ಕಣ್ಣಿಗೊತ್ತಿಕೊಂಡ್ರು" ಎಂದ ತಮ್ಮ.

ಒಂದು ಮಧ್ಯಾಹ್ನ, ಕಸ ಬೇರ್ಪಡಿಸುವ ಶೆಡ್ಡಿನಲ್ಲಿ ದುಡಿಯುವ ಹೆಂಗಸೊಬ್ಬಳು ತೂತುಬಿದ್ದ ಕೈಗವಸನ್ನೂ ಒಂದು ಮಡಿಸಿದ ಬಟ್ಟೆಯನ್ನೂ ಹಿಡಿದು ಅಂಗಡಿಗೆ ಬಂದಳು. ಅಂಗೈಗೆ ಬ್ಯಾಂಡೇಜಿತ್ತು.

"ಅಂಗೈ ಕಡೆ ಈ ಬಟ್ಟೆ ಹಾಕಿ ಹೊಲ್ಕೊಡಿ ಅಕ್ಕಾ. ಕಸದಲ್ಲಿ ಸಿಕ್ಕಿದ್ದು, ಗಟ್ಟಿ ಇದೆ. ಲಾರಿ ಒತ್ತಿದ್ರೂ ಇದು ಹರಿಯಲ್ಲ, ಒಳಗಿನ ಡಬ್ಬ ಮಾತ್ರ ಒಡೆಯುತ್ತೆ. ನಿನ್ನೆ ಅದರೊಳಗಿನ ಸೂಜಿನೇ ಚುಚ್ಚಿದ್ದು."

ಅಕ್ಕ ಬಟ್ಟೆ ಬಿಡಿಸಿದಳು. ಮೇಷ್ಟ್ರ ಹಳೆ ಜೀನ್ಸ್ ಪ್ಯಾಂಟಿನ ಜೇಬಿನ ಗುರುತು. ಅಂಚಿನಲ್ಲಿ ಕಿತ್ತಳೆ ದಾರ. ತನ್ನದೇ ಹೊಲಿಗೆ.

"ಇದೊಂದೇನಾ ಸಿಕ್ಕಿದ್ದು?"

"ಅಯ್ಯೋ, ಬರ್ತಾನೇ ಇರುತ್ತೆ. ಯಾವ ಪುಣ್ಯಾತ್ಗಿತ್ತೀನೋ, ಮದುವೆ ಹೆಣ್ಣಿನ ಹಾಗೆ ಸಿಂಗಾರ ಮಾಡಿ ಕಸಕ್ಕೆ ಎಸೀತಾಳೆ."

ಅಕ್ಕನಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಗವಸು ಹೊಲಿದು ಮುಗಿಸಿ ಹೇಳಿದಳು: "ಆ ಪುಣ್ಯಾತ್ಗಿತ್ತಿ ನಾನೇ ಕಣಮ್ಮ. ಕಸಕ್ಕೆ ಅಂತ ಕೊಟ್ಟಿರಲಿಲ್ಲ. ಏಳು, ಈಗ್ಲೇ ನರ್ಸ್ ಹತ್ರ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ."

ಹೆಂಗಸು ಹೊಸ ಗವಸನ್ನು ತಿರುಗಿಸಿ ತಿರುಗಿಸಿ ನೋಡಿದಳು. ದಾರಿಯುದ್ದಕ್ಕೂ ಅಕ್ಕನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಸಂಜೆ ತಮ್ಮ ಅಂಗಡಿಯೆದುರು ವ್ಯಾನು ನಿಲ್ಲಿಸಿ ಚಹಾ ಹೀರುತ್ತಿದ್ದ.

"ಹೋದ ಸಲದ ಕ್ಯಾನು ಯಾರು ಇಸ್ಕೊಂಡ್ರೋ?"

"ಅದೇ, ಕನ್ನಡಕದವರು. ಅಕ್ಕ ಚೆನ್ನಾಗಿದಾರಾ ಅಂತ ಕೇಳಿದ್ರು."

ಅಕ್ಕ ಜೀನ್ಸಿನ ಚೂರನ್ನು ಅವನ ಮುಂದೆ ಹಿಡಿದಳು. ಚಹಾದ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಮೊದಲ ಸಲ ಹೋದಾಗ ಬಾಗಿಲು ಹಾಕಿತ್ತು ಅಕ್ಕ. ವಾಚ್‌ಮನ್ ನಾಳೆ ಬನ್ನಿ ಅಂದ. ದಾರೀಲಿ ತೊಟ್ಟಿ ಇತ್ತು, ಹಾಕ್ಬಿಟ್ಟೆ. ಆಮೇಲೆ ಅದೇ ರೂಢಿ ಆಯ್ತು."

"ಬಾಗಿಲು ಹಾಕಿತ್ತು ಅಂದಿದ್ರೆ ನಾನೇನು ನಿನ್ನ ನುಂಗ್ತಿದ್ನಾ?"

"ನೀನು ಅಷ್ಟು ಆಸೆಯಿಂದ ಕೇಳ್ತಿದ್ದೆ..."

"ಕನ್ನಡಕದವರು?"

ತಮ್ಮ ತಲೆ ತಗ್ಗಿಸಿದ. "ಹಾಗೆ ಯಾರೂ ಇಲ್ಲ."

ಕಸಕ್ಕೆ ಎಸೆದದ್ದನ್ನು ಸೋಮಾರಿತನವೆಂದು ಮರೆಯಬಹುದಿತ್ತು. ಆದರೆ ಇಲ್ಲದ ಮನುಷ್ಯನನ್ನು ಹುಟ್ಟಿಸಿ, ಅವನ ಬಾಯಿಂದ ತನ್ನನ್ನು ಹೊಗಳಿಸಿ, ಒಡಹುಟ್ಟಿದವನೇ ಇಷ್ಟು ಕಾಲ ಕಿವಿಗೆ ಹೂವಿಟ್ಟಿದ್ದ. ಆ ಹೊಗಳಿಕೆಯ ಹುರುಪಿನಲ್ಲೇ ಅವಳು ಬೀದಿಯವರನ್ನೆಲ್ಲ ಒಪ್ಪಿಸಿದ್ದು. ಅಕ್ಕ ವ್ಯಾನಿನ ಬಾಗಿಲು ತೆಗೆದು ಮುಂದಿನ ಡ್ರಾಯರ್ ಎಳೆದಳು. ಮಖಮಲ್ಲಿನ ಚೀಲ ಅಲ್ಲೇ ಇತ್ತು. ಒಳಗೆ ಅವನ ಬೀಡಿ, ಬೆಂಕಿಪೊಟ್ಟಣ.

ಮರುದಿನ ಮೇಷ್ಟ್ರ ಮನೆಗೂ ಬೇಕರಿಗೂ ಅವಳೇ ಹೋಗಿ ನಡೆದದ್ದನ್ನು ಹೇಳಿದಳು. ಮೇಷ್ಟ್ರು ಮುಖ ತಿರುಗಿಸಿದರು. ಬೇಕರಿಯವನು, "ಇನ್ನು ಯಾರನ್ನ ನಂಬೋದು ಅಕ್ಕಾ?" ಎಂದ. ಕೆಲವು ದಿನಗಳ ಬಳಿಕ ಆ ಹೆಂಗಸಿನ ರಕ್ತದ ವರದಿ ಬಂತು. ಸದ್ಯಕ್ಕೆ ಸೋಂಕೇನೂ ಇಲ್ಲ, ಮುಂದೆ ಇನ್ನೊಮ್ಮೆ ನೋಡಬೇಕು ಎಂದಳು ನರ್ಸ್.

ಮುಂದಿನ ಕ್ಯಾನನ್ನು ಅಕ್ಕ ತಾನೇ ಬಸ್ಸಿನಲ್ಲಿ ಒಯ್ಯಲು ಹೊರಟಳು. ತಮ್ಮ ಬಾಗಿಲಿಗೆ ಬಂದು ನಿಂತ. "ಕೊಡಕ್ಕ. ಈ ಸಲ ಸತ್ಯವಾಗ್ಲೂ ಮುಟ್ಟಿಸ್ತೀನಿ."

ಅವಳು ಕ್ಯಾನನ್ನು ಕಂಕುಳಿಗೆ ಒತ್ತಿಕೊಂಡಳು. ವ್ಯಾನಿನಿಂದ ತಂದು ಮೇಜಿನ ಮೇಲೆ ಹಾಕಿದ್ದ ಮಖಮಲ್ಲಿನ ಚೀಲವನ್ನೆತ್ತಿ ಒಳಗೆ ಬೆರಳಾಡಿಸಿ ನೋಡಿದಳು. ಚುಚ್ಚುವಂಥದ್ದೇನೂ ಇರಲಿಲ್ಲ. ಅವನೆದುರೇ ಅದನ್ನು ಮನೆಯ ಕಸದ ಬುಟ್ಟಿಗೆ ಹಾಕಿ, ಬಸ್ಸಿನ ದಾರಿ ಹಿಡಿದಳು.