ಮೀನಿನ ತತ್ತಿಗೆ ನನ್ನ ಗುಟ್ಟಿ

ಗೆಳತಿಯರೇ, ಇಬ್ರಾಹಿಂಪುರದ ನಮ್ಮ ಓಣಿಯ ಕೂಸುಗಳಿಗೆಲ್ಲ ಹೊಟ್ಟೆನೋವು ಬರದಿರಲೆಂದು ಬಜೆ ಬೇರು ತೇಯ್ದು ಗುಟ್ಟಿ ಮದ್ದು ಹಾಕುವವಳು ನಾನು. ನನ್ನ ಎದುರು ಯಾವ ತಾಯಿಯೂ ತುಟಿ ಬಿಚ್ಚುವುದಿಲ್ಲ, ಕೂಸಿನ ಬಾಯಿ ಮಾತ್ರ ತೆರೆಯುತ್ತಾಳೆ.

ಇವತ್ತು ಮಧ್ಯಾಹ್ನ ಮೊಮ್ಮಗಳು ಸವಿತಾ ಕಾಲೇಜಿನಿಂದ ಸುದ್ದಿ ತಂದಳು. ನನ್ನನ್ನು ಕೇಳದೆ ನನ್ನ ಬಜೆಯನ್ನು ಒಯ್ದು, ಲ್ಯಾಬಿನಲ್ಲಿ ಮೀನಿನ ತತ್ತಿಗಳ ಮೇಲೆ ಪರೀಕ್ಷೆ ಮಾಡಿದ್ದಾಳೆ! ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತುವವರೂ ಇಲ್ಲ.

“ಆ ತತ್ತಿ ಗಾಜಿನಂಗ ಇರತಾವ ಆಯಿ. ಒಳಗಿನ ಮರಿ ಎದಿ ಬಡಿಯೂದು ಕಾಣತೈತಿ. ನಿನ್ನ ಬಜಿ ಗಟ್ಟಿ ಆದ್ರ ಬಡಿತ ನಿಧಾನ ಆಗತೈತಿ.”

“ನಮ್ಮ ಓಣಿ ಕೂಸುಗೋಳು ಮೀನೇನಲೇ?”

“ಅಲ್ಲ. ಆದ್ರ ನಿನ್ನ ಕೈಗೆ ಅಳತಿ ಎಲ್ಲೈತಿ? ಸಿಟ್ಟು ಬಂದ ದಿನ ಗಂಧದಂಗ ಗಟ್ಟಿ ತೇಯ್ತಿ.”

ನನಗೆ ಸಿಟ್ಟು ಬಾರದ ದಿನ ಯಾವುದೆಂದು ಯೋಚಿಸಿದೆ. ನೆನಪಾಗಲಿಲ್ಲ.

ಸಂಜೆ ಪಕ್ಕದ ಮನೆಯ ಮಹಾದೇವಿ ಎಳೆಗೂಸನ್ನು ಎತ್ತಿಕೊಂಡು ಬಂದಳು. “ಗುಟ್ಟಿ ಬಂದ್ ಮಾಡೇನಿ. ಹೊಟ್ಟಿ ನೋವಾದ್ರ ಡಾಕ್ಟರಿಗೆ ತೋರಿಸು,” ಎಂದು ಹೊಸ್ತಿಲಿನಿಂದಲೇ ಕಳಿಸಿದೆ.

ಸವಿತಾ ತಾನು ಗೆದ್ದೆ ಎಂದು ನಗುತ್ತಿದ್ದಾಳೆ. ನಗಲಿ. ನಾನು ಕೇಳಿದ್ದು ಮೀನಿನ ಮಾತನ್ನು, ಅವಳ ಮಾತನ್ನಲ್ಲ.