ಇಪ್ಪತ್ತೊಂದನೇ ಜೊತೆ

ಹೊಳೆನರಸೀಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಗಂಗಾಂಬಿಕೆ ಮೇಡಂ ಕ್ರೋಮೋಸೋಮಿನ ಪಾಠಕ್ಕೆ ಸೀಮೆಸುಣ್ಣವನ್ನು ನಂಬುವುದಿಲ್ಲ. ಸೆರಗು ಸಿಕ್ಕಿಸಿ, ಮಕ್ಕಳು ಲ್ಯಾಬಿನ ಬಾಗಿಲಲ್ಲಿ ಬಿಟ್ಟ ಇಪ್ಪತ್ತಮೂರು ಜೊತೆ ಚಪ್ಪಲಿಗಳನ್ನು ಒಳಗೆ ತಂದು, ಪ್ರತಿ ಜೊತೆಯನ್ನೂ ಬಿಡಿಸಿ ಒಂದನ್ನು ಈ ಮೂಲೆಗೆ, ಇನ್ನೊಂದನ್ನು ಆ ಮೂಲೆಗೆ ಎಸೆಯುತ್ತಾರೆ. ತಪಾಸಣೆಗೆ ಬಂದ ಹಾಸನದ ಸಾಹೇಬರ ಬೂಟನ್ನೂ ಬಿಟ್ಟವರಲ್ಲ. "ನಲವತ್ತಾರು ಅರ್ಧ ಆಯ್ತೇನ್ರೋ? ಅಪ್ಪಂದು ಇಪ್ಪತ್ಮೂರು, ಅವ್ವಂದು ಇಪ್ಪತ್ಮೂರು ಸೇರುದ್ರೆ ನೀವು ಕಣ್ರೋ!" ಆಮೇಲೆ ಇಪ್ಪತ್ತೊಂದನೇ ಜೊತೆಯನ್ನು ಮಾತ್ರ ಮತ್ತೆ ಕೂಡಿಸಿ ಒಂದೇ ಮೂಲೆಯಲ್ಲಿಡುತ್ತಾರೆ. "ಒಂದೊಂದ್ಸಲ ಈ ಜೊತೆ ಬ್ಯಾರೆ ಆಗಾಕಿಲ್ಲ. ಆವಾಗ ಹುಟ್ಟೋ ಮಗೀಗೆ ಒಂದು ಜಾಸ್ತಿ ಬತ್ತದೆ. ಅದುನ್ನೇ ಡೌನ್ ಸಿಂಡ್ರೋಮ್ ಅನ್ನಾದು. ಅಂಗೆ ಜಾಸ್ತಿ ಇಸ್ಕೊಂಡು ಬಂದೋರು ಯಾರ್ರೋ?" ಮುಂದಿನ ಬೆಂಚಿನಿಂದ ಅವರ ಮಗಳು ತೇಜಶ್ರೀ, ಹಾಜರಿ ಹೇಳುವ ಗತ್ತಿನಲ್ಲಿ, ಕೈಯೆತ್ತಿ ನಿಲ್ಲುತ್ತಾಳೆ: "ನಾನು, ಮೇಡಂ!"